ಚನ್ನಗಿರಿಯ ಗೋಡೆಯೊಳಗೊಂದು ಸಮುದ್ರ

ಮೀನಿನ ತೊಟ್ಟಿಯ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು ಆಗಾಗ ನನ್ನನ್ನು ಹುಡುಕಿಕೊಂಡು ಬಂದು, "ಸರ್, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು?" ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ನಮ್ಮ ಮಾಲೀಕರ ದನಿಯಲ್ಲಿ, "ಏ, ಗಾಜು ಮುಟ್ಟಬ್ಯಾಡಲೇ! ಒಡೆದ್ರೆ ನಿಮ್ಮಪ್ಪ ಬಂದು ಕೂಡಿಸ್ತಾನೇನು?" ಎಂದು ಗದರುತ್ತೇನೆ. ಹುಡುಗರು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮಾಲೀಕರು ತೀರಿಕೊಂಡು ಎಷ್ಟೋ ವರ್ಷವಾದರೂ ಅವರ ದನಿಗೆ ಇನ್ನೂ ಜನ ಹೆದರುತ್ತಾರೆ. ನನ್ನ ದನಿಗೆ ಅವತ್ತೂ ಯಾರೂ ಹೆದರಲಿಲ್ಲ, ಇವತ್ತೂ ಇಲ್ಲ.

ಗಾಜು ಎಲ್ಲಿ ಮುಗಿದು ಗಾಳಿ ಎಲ್ಲಿ ಶುರುವಾಗುತ್ತದೆ ಎಂಬುದು ಕಣ್ಣಿಗೆ ತಿಳಿಯದಾದ ಮೇಲೆ ನಾನು ಕೆಲಸ ಬಿಟ್ಟೆ. ಹೂವಿನ ಹಾರ, ಶಾಲು ಏನೂ ಇರಲಿಲ್ಲ. ಕೊನೆಯ ಬಾರಿ ತೊಟ್ಟಿಗೆ ಕೈ ಹಾಕಿದಾಗ ಮೀನೊಂದು ಬೆರಳು ಕಚ್ಚಿತು. ಬೀಳ್ಕೊಡುಗೆ ಎಂದು ಅದನ್ನೇ ಸ್ವೀಕರಿಸಿದೆ. ಈಗ ಹುಡುಗರ ಒತ್ತಾಯಕ್ಕೆ ಬರೆಯಲು ಕುಳಿತಿದ್ದೇನೆ. ಈಗ ಸಮುದ್ರದ ಉಪ್ಪು ಪೊಟ್ಟಣದಲ್ಲಿ ಬರುತ್ತದೆ, ನೀರಿನ ಬಿಸಿಯನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ನಾವು ಸಮುದ್ರವನ್ನೇ ಲಾರಿಯಲ್ಲಿ ತರಿಸುತ್ತಿದ್ದೆವು. ಅದು ಬಂದಮೇಲೆ ಅದನ್ನು ಏನು ಮಾಡಬೇಕೆಂದು ಮಾತ್ರ ನಮಗೆ ಗೊತ್ತಿರಲಿಲ್ಲ.

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಎದುರು ನಮ್ಮ ಮಾಲೀಕ ರುದ್ರಪ್ಪನವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರು, ಮದುವೆ, ತೀರಿಕೊಂಡ ಹಿರಿಯರು, ಎಲ್ಲರೂ ಅಲ್ಲಿ ಒಂದೇ ಸಾಲಿನಲ್ಲಿ ಗಾಜಿಗೆ ಕಾಯುತ್ತ ನಿಂತಿರುತ್ತಿದ್ದರು. ಉಳಿದ ಗಾಜಿನಲ್ಲಿ ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಮೆತ್ತಿ ಮೀನಿನ ತೊಟ್ಟಿಯನ್ನೂ ಮಾಡುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ನಾನು ಅಲ್ಲಿಗೆ ಸೇರಿದೆ. ನನಗಿದ್ದ ವಿದ್ಯೆ ಒಂದೇ: ಯಾರ ದನಿಯನ್ನಾದರೂ, ಯಾವ ನಡಿಗೆಯನ್ನಾದರೂ ಅನುಕರಿಸುವುದು. ಸೇರಿದ ವಾರದಲ್ಲೇ ಅಂಗಡಿಯ ಮುಂದೆ ಮಾಲೀಕರಂತೆ ಸೊಂಟದ ಮೇಲೆ ಕೈಯಿಟ್ಟು ಗಿರಾಕಿಯನ್ನು ಬೈಯುತ್ತಿದ್ದಾಗ ಅವರೇ ಹಿಂದೆ ಬಂದು ನಿಂತಿದ್ದರು. ಕೆಲಸ ಹೋಯಿತೆಂದುಕೊಂಡೆ. ಅವರು ತಲೆ ಓರೆಮಾಡಿ ಕೇಳಿಸಿಕೊಂಡು, "ಹಿಂಗೇ ಇರು. ನಾನು ಊಟಕ್ಕೆ ಹೋದಾಗ ಒಳಗಿಂದ ಕೂಗ್ತಿರು. ಮಾಲೀಕ ಇಲ್ಲ ಅಂತ ಯಾರಿಗೂ ಗೊತ್ತಾಗಬಾರದು" ಎಂದರು. ಅಂದಿನಿಂದ ನನ್ನ ಹೆಸರು ನಕಲಿ. ಶಾಲೆಯಲ್ಲಿ ಬರೆಸಿದ್ದ ಹೆಸರನ್ನು ನನ್ನ ಹೆಂಡತಿಯೂ ಮರೆತಿದ್ದಾಳೆ.

ಮಾಲೀಕರು ಒಮ್ಮೆ ಮಂಗಳೂರಿಗೆ ಹೋದವರು ಬಂದರಿನ ಹತ್ತಿರದ ಯಾವುದೋ ಮನೆಯಲ್ಲಿ ಸಮುದ್ರದ ಮೀನುಗಳನ್ನು ಗಾಜಿನೊಳಗೆ ಕಂಡು ಬಂದರು. ಬಂದವರಿಗೆ ಎರಡು ದಿನ ಊಟ ರುಚಿಸಲಿಲ್ಲ. "ನಮ್ಮ ಕೆಂಪು ಮೀನು ಏನಲೇ, ಅದರ ಮುಂದೆ ಮದುವಿ ಮನ್ಯಾಗೆ ಉಂಡು ಎದ್ದ ಎಲಿ ಇದ್ದಂಗೆ! ಅವು ಹಳದಿ, ನೀಲಿ, ಪಟ್ಟೆಪಟ್ಟೆ! ನಮ್ಮ ಕಡೆ ಜನಾನೂ ನೋಡಬೇಕು ಕಣೋ" ಎಂದು ಅಂಗಡಿಯ ತುಂಬ ಓಡಾಡಿದರು.

ಮೊದಲ ಪ್ರಯತ್ನ ನ್ಯಾಮತಿಯ ಹೆಡ್ಮಾಸ್ತರೊಬ್ಬರ ಮನೆಯಲ್ಲಿ. ಸಮುದ್ರವೆಂದರೆ ನೀರು ಮತ್ತು ಉಪ್ಪು ಎಂಬುದು ಮಾಲೀಕರ ಲೆಕ್ಕಾಚಾರ. ಸಂತೆಯಿಂದ ಕಲ್ಲುಪ್ಪು ತಂದು ಬಾವಿ ನೀರಿನಲ್ಲಿ ಕದಡಿ, ಬೆರಳದ್ದಿ ನಾಲಗೆಗೆ ಇಟ್ಟುಕೊಂಡು, "ಇನ್ನೊಂದು ಹಿಡಿ ಹಾಕು" ಎಂದರು. ನಾನು ನೆಕ್ಕಿ ಸಾಕು ಎಂದೆ. ಮಾಸ್ತರರ ಹೆಂಡತಿ ಒಳಗಿನಿಂದ ಬಂದು ನೆಕ್ಕಿ, "ಸಾರಿಗಾದ್ರೆ ಜಾಸ್ತಿ, ಉಪ್ಪಿನಕಾಯಿಗೆ ಕಡಿಮೆ" ಎಂದು ತೀರ್ಪು ಕೊಟ್ಟರು. ಸಾರಿಗೂ ಉಪ್ಪಿನಕಾಯಿಗೂ ನಡುವೆ ಎಲ್ಲೋ ಸಮುದ್ರವಿರಬೇಕೆಂದು ನಾವು ಮಂಗಳೂರಿನಿಂದ ತರಿಸಿದ್ದ ನೀಲಿ ಬಣ್ಣದ ಪುಟ್ಟ ಮೀನುಗಳನ್ನು ಬಿಟ್ಟೆವು. ಬೆಳಗಾಗುವಷ್ಟರಲ್ಲಿ ಎಲ್ಲವೂ ತೇಲುತ್ತಿದ್ದವು. ಸಮುದ್ರದಲ್ಲಿ ಉಪ್ಪಲ್ಲದೆ ಇನ್ನೂ ಏನೇನೋ ಇರುತ್ತದೆ, ಅಡುಗೆ ಉಪ್ಪು ಅದಕ್ಕೆ ಸಾಲದು ಎಂದು ಗೊತ್ತಾದದ್ದು ಹಾಗೆ.

ಆಮೇಲೆ ಸಮುದ್ರದ ನೀರನ್ನೇ ತರಿಸಿದೆವು. ಚನ್ನಗಿರಿಯ ಅಡಿಕೆ ಇಳಿಸಿ ಮಂಗಳೂರಿನಿಂದ ಖಾಲಿ ಬರುವ ಲಾರಿಗಳಲ್ಲಿ ಪ್ಲಾಸ್ಟಿಕ್ ಕ್ಯಾನುಗಳು ಬರುತ್ತಿದ್ದವು. ಆ ನೀರಿನಲ್ಲಿ ಜಗಳೂರಿನ ಟೂರಿಂಗ್ ಟಾಕೀಸಿನ ಮಾಲೀಕರೊಬ್ಬರ ಮನೆಯಲ್ಲಿ ತೊಟ್ಟಿ ಕೂರಿಸಿದೆವು. ಬಿಳಿ ಪಟ್ಟೆಯ ಕಿತ್ತಳೆ ಮೀನುಗಳು ಅದರಲ್ಲಿ ಚೆನ್ನಾಗಿ ಆಡಿಕೊಂಡಿದ್ದವು. ಆದರೆ ಜಗಳೂರಿನ ಬಿಸಿಲು ಗೊತ್ತಲ್ಲ, ಕೊಡದೊಳಗಿನ ನೀರನ್ನೂ ಬಿಡುವುದಿಲ್ಲ. ತೊಟ್ಟಿಯ ನೀರು ದಿನದಿನಕ್ಕೂ ಇಳಿಯುತ್ತಿತ್ತು. ನಾನು ಕ್ಯಾನು ಹೊತ್ತು ಬಸ್ಸಿನಲ್ಲಿ ಹೋಗಿ, ಕಡಿಮೆಯಾದಷ್ಟೂ ಸಮುದ್ರದ ನೀರು ತುಂಬಿ ಬರುತ್ತಿದ್ದೆ. ಬಸ್ಸಿನವರು ಸೀಮೆಎಣ್ಣೆ ಎಂದು ಮೂಸಿ ನೋಡುತ್ತಿದ್ದರು. "ಸಮುದ್ರ ಕಣ್ರೀ" ಎಂದರೆ ಕಂಡಕ್ಟರು, "ಹಂಗಾದ್ರೆ ಅದಕ್ಕೂ ಟಿಕೆಟ್ ತಗಳ್ರಿ, ದೊಡ್ಡದೈತೆ" ಎನ್ನುತ್ತಿದ್ದ.

ಎಷ್ಟು ಶ್ರದ್ಧೆಯಿಂದ ತುಂಬಿದರೂ ಮೀನುಗಳು ಮಂಕಾಗತೊಡಗಿದವು. ಒಂದೊಂದಾಗಿ ಹೋಗಿ, ಕೊನೆಗೆ ಉಳಿದ ಒಂದನ್ನು ಅದೇ ನೀರಿನ ಸಮೇತ ಬಕೆಟ್ಟಿನಲ್ಲಿ ಹೊನ್ನಾಳಿಗೆ ತಂದೆ. ಅವತ್ತು ಅಂಗಡಿಗೆ ಹಾಲಿನ ಸಂಘದ ಕಾರ್ಯದರ್ಶಿ ಒಂದು ಫೋಟೋ ತೆಗೆದುಕೊಂಡು ಹೋಗಲು ಬಂದಿದ್ದರು. ಅವರ ಚೀಲದಲ್ಲಿ ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವ ಲ್ಯಾಕ್ಟೋಮೀಟರು ಇತ್ತು; ಹಾಲು ಗಟ್ಟಿಯಿದ್ದಷ್ಟೂ ಅದು ಮೇಲಕ್ಕೆ ನಿಲ್ಲುತ್ತದೆ. ಮಾಲೀಕರ ಮುಖ ಬಾಡಿದ್ದನ್ನು ಕಂಡು ನಗಿಸೋಣವೆಂದು ಆ ಗಾಜಿನ ಕಡ್ಡಿಯನ್ನು ತೆಗೆದು, ಕಾರ್ಯದರ್ಶಿಯಂತೆ ಹುಬ್ಬು ಗಂಟಿಕ್ಕಿ, ಬಕೆಟ್ಟಿಗೆ ಬಿಟ್ಟು, "ಯಾವ ಎಮ್ಮಿದಮ್ಮಾ ಇದು?" ಎಂದೆ. ಕಡ್ಡಿ ಮುಳುಗಲೇ ಇಲ್ಲ. ನೀರಿನಿಂದ ಎದ್ದು ಕಂಬದ ಹಾಗೆ ನಿಂತಿತು.

ಕಾರ್ಯದರ್ಶಿ ಬಗ್ಗಿ ನೋಡಿ, "ಎಮ್ಮಿ ಅಲ್ಲೋ, ಇದು ಆನಿ ಹಾಲು!" ಎಂದರು.

ಕುತೂಹಲಕ್ಕೆ ಆಗತಾನೇ ಲಾರಿಯಿಂದ ಇಳಿಸಿದ್ದ ಕ್ಯಾನಿನ ನೀರಿಗೂ ಬಿಟ್ಟೆ. ಅಲ್ಲಿ ಕಡ್ಡಿ ಒಳ್ಳೆಯ ಹಾಲಿನಲ್ಲಿ ನಿಲ್ಲುವಷ್ಟಕ್ಕೇ ನಿಂತಿತು. ನಾವು ಮೂವರೂ ಎರಡನ್ನೂ ನೋಡುತ್ತ ಕುಳಿತೆವು. ಮಾಲೀಕರು ನಿಧಾನವಾಗಿ, "ನೀರು ಹಾರಿ ಹೋಗ್ತೈತೆ, ಸರಿ. ಉಪ್ಪು ಎಲ್ಲಿಗೆ ಹಾರ್ತೈತಲೇ?" ಎಂದರು. ಉಪ್ಪು ಎಲ್ಲಿಗೂ ಹೋಗಿರಲಿಲ್ಲ. ತೊಟ್ಟಿಯಲ್ಲೇ ಕೂತಿತ್ತು, ಅದರ ಮೇಲೆ ನಾವು ವಾರವಾರವೂ ಇನ್ನಷ್ಟು ಉಪ್ಪು ಹೊತ್ತು ಹಾಕಿದ್ದೆವು. ಹಾರಿದ ನೀರಿಗೆ ಬದಲಾಗಿ ಬರಿಯ ಬಾವಿ ನೀರು ಹಾಕಬೇಕಿತ್ತು. ಬಕೆಟ್ಟಿಗೆ ಸ್ವಲ್ಪಸ್ವಲ್ಪವೇ ಬಾವಿ ನೀರು ಬೆರೆಸುತ್ತ ಹೋದಂತೆ ಆ ಕಿತ್ತಳೆ ಮೀನು ಮೆಲ್ಲಗೆ ರೆಕ್ಕೆ ಬಿಚ್ಚಿತು. ಹುಡುಗರೇ, ನಿಮ್ಮ ಪೆಟ್ಟಿಗೆಯಲ್ಲಿ ಎಂತೆಂಥ ಉಪಕರಣಗಳಿದ್ದರೂ ಇದೊಂದನ್ನು ಮರೆಯಬೇಡಿ. ನಾನು ಕೊನೆಯವರೆಗೂ ಹಾಲಿನ ಕಡ್ಡಿಯನ್ನೇ ಬಳಸಿದೆ.

ಆದರೆ ಜಗಳೂರಿನ ಟಾಕೀಸಿನವರು ಸುಮ್ಮನಿರಲಿಲ್ಲ. ಟಿಕೆಟ್ಟಿಗೆ ನಿಂತವರಿಗೆಲ್ಲ ನಮ್ಮ ಮಹಿಮೆ ಹೇಳಿದರು. ಹೊನ್ನಾಳಿಗೆ ಬಂದವರೆಲ್ಲ ಅಂಗಡಿಯ ಮುಂದೆ ನಿಂತು, "ಇದೇನಾ ಮೀನಿಗೆ ಉಪ್ಪಿನಕಾಯಿ ಹಾಕೋ ಅಂಗಡಿ?" ಎಂದು ಕೇಳುವಂತಾಯಿತು. ಮಾಲೀಕರು ಒಂದು ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡರು. "ಚನ್ನಗಿರಿಯಿಂದ ಒಂದು ಕರೆ ಬಂದೈತೆ. ಇದೇ ಕೊನೆ. ಇದೂ ಕೆಟ್ರೆ ಉಪ್ಪುನೀರು ಬಂದ್. ಕಟ್ಟು ಹಾಕಾಕೆ ನಾನೊಬ್ಬ ಸಾಕು, ನೀನು ಬೇರೆ ಕಡೆ ನೋಡ್ಕೊಬೇಕಾಗ್ತೈತಪ್ಪ."

ಅವರು ಬೈದಿದ್ದರೆ ನಾನು ಅನುಕರಿಸಿ ನಗುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದರಿಂದ ಅನುಕರಿಸಲು ಬರಲಿಲ್ಲ. ಅಷ್ಟರಲ್ಲಿ ನನಗೆ ಆ ಮೀನುಗಳ ಹುಚ್ಚು ಹಿಡಿದಿತ್ತು. ಬೇರೆ ಕಡೆ ಎಂದರೆ ನನ್ನ ಮಾವನ ಹಿಟ್ಟಿನ ಗಿರಣಿ. ಅಲ್ಲಿ ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ನನ್ನಂಥವನಿಗೆ ಅದು ಸೆರೆಮನೆ.

ಚನ್ನಗಿರಿಯಲ್ಲಿ ಅಡಿಕೆ ಮಂಡಿಯ ಸಾಹುಕಾರ ಬಸವರಾಜಣ್ಣನವರ ಮನೆ. ಲಾರಿಯಲ್ಲಿ ನಮಗೆ ಸಮುದ್ರ ತಂದುಕೊಡುತ್ತಿದ್ದವರೂ ಅವರೇ. ಅಷ್ಟು ನೀರು ಹೊತ್ತುಕೊಂಡು ಬಂದ ಮೇಲೆ ಅದು ಯಾತಕ್ಕೆಂದು ನೋಡುವ ಆಸೆ ಅವರಿಗೂ ಹುಟ್ಟಿತ್ತು. ಕಬ್ಬಿಣ ಉಪ್ಪಿಗೆ ತುಕ್ಕು ಹಿಡಿಯುತ್ತದೆಂದು ಈ ಸಲ ಪಡಸಾಲೆಯ ಗೋಡೆಯೊಳಗೇ ಮೂರು ಬದಿಗೂ ಸಿಮೆಂಟು ಹಾಕಿ ಒಂದು ತೊಟ್ಟಿ ಕಟ್ಟಿಸಿ, ಪಡಸಾಲೆಯ ಕಡೆಗೆ ಮಾತ್ರ ಗಾಜು ಕೂರಿಸಿದೆವು. ತೊಟ್ಟಿಯ ಬಾಯಿ ಹಿಂದಿನ ಓಣಿಯಂಥ ಹಾದಿಯ ಕಡೆಗಿತ್ತು. ಸಿಮೆಂಟಿನ ಕಾರ ಹೋಗುವ ತನಕ ನೀರು ತುಂಬಿ ಚೆಲ್ಲಿ, ತುಂಬಿ ಚೆಲ್ಲಿ ಆ ಮನೆಯ ಬಾವಿಯನ್ನೇ ಬರಿದು ಮಾಡಿದೆ. ಹಿಂದಿನ ಹಲಗೆಯ ಮೇಲೆ ಗಾಳಿ ಊದುವ ಪುಟ್ಟ ಪಂಪು. ಅದು ಸದಾ ಗುರ್ರೆನ್ನುತ್ತ ನೀರಿಗೆ ಗುಳ್ಳೆ ಬಿಡಬೇಕು. ಆ ಗಾಳಿಯೇ ತಳದ ಮರಳಿನ ಮೂಲಕ ನೀರನ್ನು ಸೋಸಬೇಕು. ಕರೆಂಟು ಹೋದಾಗ ಬೇಕಾಗುತ್ತದೆಂದು ಲಾರಿಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ ಪಕ್ಕದಲ್ಲೇ ನೇತುಹಾಕಿದ್ದೆ. ಸಣ್ಣ ನಳಿಗೆ ಸಿಕ್ಕಿಸಿದರೆ ಅದು ಗಂಟೆಗಟ್ಟಲೆ ಗುಳ್ಳೆ ಬಿಡುತ್ತಿತ್ತು.

ಆ ತೊಟ್ಟಿಗೆ ದ್ವೀಪದ ಕಡೆಯಿಂದ ಮಂಗಳೂರಿಗೆ ಬರುವ ದೋಣಿಯವರಿಂದ ಒಂದು ಟ್ರಿಗರ್ ಮೀನು ಸಿಕ್ಕಿತು. ಬೆನ್ನಿನ ಮೇಲೆ ಬಂದೂಕಿನ ಕುದುರೆಯಂಥ ಒಂದು ಮುಳ್ಳು. ಹೆದರಿದರೆ ಕಲ್ಲಿನ ಸಂದಿಗೆ ನುಗ್ಗಿ ಆ ಮುಳ್ಳನ್ನು ಸೆಟೆಸಿ ನಿಲ್ಲಿಸಿಬಿಡುತ್ತಿತ್ತು; ಆಮೇಲೆ ಯಾರು ಎಳೆದರೂ ಬರುತ್ತಿರಲಿಲ್ಲ. ಬಾಯಿಂದ ಹಿಂದಕ್ಕೆ ಹಳದಿ ಗೆರೆ, ಕಣ್ಣಿನ ಮೇಲೆ ನೀಲಿ ಪಟ್ಟೆ. ಒಂದು ಕಣ್ಣಿನಲ್ಲಿ ನಮ್ಮನ್ನು ನೋಡುತ್ತ ಇನ್ನೊಂದು ಕಣ್ಣಿನಲ್ಲಿ ಬಾಗಿಲು ನೋಡುತ್ತಿತ್ತು. ನಾನು ಜೋಡಿಸಿಟ್ಟ ಕಲ್ಲುಗಳನ್ನು ಬಾಯಲ್ಲಿ ಕಚ್ಚಿ ತನಗೆ ಬೇಕಾದಂತೆ ಎತ್ತಿಡುತ್ತಿತ್ತು. ಜೊತೆಗೆ ಬಿಟ್ಟಿದ್ದ ಚಿಟ್ಟೆಯಂಥ ಮೀನೊಂದರ ಬಾಲ ಕಡಿದು ಓಡಿಸಿತು. ಆ ಚಿಟ್ಟೆಮೀನನ್ನು ಅಂಗಡಿಯ ತೊಟ್ಟಿಗೆ ಕಳಿಸಬೇಕಾಯಿತು. ಹಸಿವಾದಾಗ ಮುಚ್ಚಳ ತೆಗೆದರೆ ಮೇಲೆ ಬಂದು ಗುರಿಯಿಟ್ಟು ಮುಖಕ್ಕೆ ನೀರು ಉಗುಳುತ್ತಿತ್ತು. ಒಟ್ಟಿನಲ್ಲಿ ಮಾಲೀಕರಿಗೂ ಅದಕ್ಕೂ ಗುಣದಲ್ಲಿ ವ್ಯತ್ಯಾಸವಿರಲಿಲ್ಲ. ಉಗುಳುವುದನ್ನು ಬಿಟ್ಟು.

ಸಾಹುಕಾರರ ತಾಯಿಯನ್ನು ಮನೆಯವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ. ಅವರು ಮೀನಿಗೆ ವೇಷಗಾರ ಎಂದು ಹೆಸರಿಟ್ಟರು. "ಬಣ್ಣ ಬಳ್ಕಂಡು ನಿಂತಾನೆ ನೋಡು, ಇನ್ನೇನು ಪದ ಹಾಡ್ತಾನೆ." ಲಿಂಗಪೂಜೆಯಾಗದೆ ನೀರನ್ನೂ ಬಾಯಿಗೆ ಹಾಕದ ಮನೆ ಅದು. ಮೀನಿಗಾದರೋ ಚಿಪ್ಪು ಕಡಿಯದಿದ್ದರೆ ಹಲ್ಲು ಬೆಳೆದು ಬಾಯೇ ಮುಚ್ಚುವುದಿಲ್ಲ. ಹೊಳೆಯ ಬಸವನಹುಳು ತರಬೇಕು ಎಂದು ಮಾಲೀಕರು ತಲೆ ತುರಿಸುತ್ತ ಹೇಳಿದಾಗ ಅವ್ವ ಖಡಾಖಂಡಿತವಾಗಿ, "ನಮ್ಮ ಮನ್ಯಾಗೆ ಇರೋನು ನಮ್ಮಂಗೇ ಉಣ್ಲಿ" ಎಂದು ನೆನೆಸಿದ ಕಡಲೆಕಾಳು ಹಾಕಿದರು. ವೇಷಗಾರ ಕಟಕಟನೆ ಕಡಿದು ತಿಂದೇಬಿಟ್ಟ! ಅವ್ವನಿಗೆ ಆನೆ ಬಲ ಬಂತು. ನಾನು ಮಾತ್ರ ಹೊನ್ನಾಳಿಯ ಹೊಳೆದಂಡೆಯಲ್ಲಿ ಆರಿಸಿದ ಹುಳುಗಳನ್ನು ಟವೆಲಿನಲ್ಲಿ ಸುತ್ತಿ, ಹಿತ್ತಲ ಬಾಗಿಲಿನಿಂದ ನುಸುಳಿ ಹಾಕಿ ಬರುತ್ತಿದ್ದೆ. ಯಾರಿಗೂ ಗೊತ್ತಿಲ್ಲವೆಂದು ನನ್ನ ನಂಬಿಕೆ.

ಮಳೆಗಾಲ ಕಳೆಯಿತು, ವೇಷಗಾರ ದುಂಡಗಾದ. ಮಂಡಿಗೆ ಬಂದವರೆಲ್ಲ ಪಡಸಾಲೆಗೂ ಬಂದು ನೋಡಿ ಹೋಗತೊಡಗಿದರು. ಮಾಲೀಕರ ಎದೆ ಅಗಲವಾಯಿತು. ನಾನು ಆ ಮನೆಗೆ ಹೋದಾಗಲೆಲ್ಲ ಹೊಸ್ತಿಲು ದಾಟುತ್ತಲೇ ಪಂಪಿನ ಜೊತೆ ದನಿ ಕೂಡಿಸಿ ಗುರ್ರ್ ಎನ್ನುತ್ತಿದ್ದೆ. "ಬಂತು ನೋಡ್ರಿ ಎರಡನೇ ಮಿಷಿನ್ನು" ಎಂದು ಅವ್ವ ನಗುತ್ತಿದ್ದರು.

ಆಯುಧ ಪೂಜೆಯ ದಿನ ಸಾಹುಕಾರರು ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಅಂಗಡಿಯಲ್ಲಿ ಗಾಜು ಕೊಯ್ಯುವ ಕಡ್ಡಿಗೆ, ಸುತ್ತಿಗೆಗೆ ಪೂಜೆ ಮುಗಿಸಿ ಮಧ್ಯಾಹ್ನಕ್ಕೆ ಚನ್ನಗಿರಿ ತಲುಪಿದೆವು. ಮಾಲೀಕರದು ಗರಿಗರಿ ಬಿಳಿ ಪಂಚೆ. ಬಾಗಿಲಲ್ಲಿ ಲಾರಿ ಬಾಳೆಕಂದು ಕಟ್ಟಿಕೊಂಡು ನಿಂತಿತ್ತು. ತಕ್ಕಡಿ, ಸೈಕಲ್ಲು, ಹೊಲಿಗೆ ಯಂತ್ರ, ಎಲ್ಲದರ ಹಣೆಯಲ್ಲೂ ವಿಭೂತಿ. ನಾನು ಎಂದಿನಂತೆ ಹೊಸ್ತಿಲು ದಾಟಿ ಗುರ್ರ್ ಎಂದೆ.

ನನ್ನ ದನಿ ಒಂಟಿಯಾಗಿ ಕೇಳಿಸಿತು.

ಹಿಂದಕ್ಕೆ ಓಡಿದೆ. ಪಂಪನ್ನು ಬಿಚ್ಚಿ ಮಣೆಯ ಮೇಲೆ ಕೂರಿಸಿದ್ದರು. ಮೈಯೆಲ್ಲ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿ, ವೈರನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಪಕ್ಕದಲ್ಲಿ ಲಾರಿ ಟ್ಯೂಬು, ಅದಕ್ಕೂ ವಿಭೂತಿ. ಸೈಕಲ್ ಪಂಪು, ಅದಕ್ಕೂ. ತೊಟ್ಟಿಯಲ್ಲಿ ವೇಷಗಾರ ಬಣ್ಣವೆಲ್ಲ ಕಳೆದುಕೊಂಡು, ನೀರಿನ ಮೇಲ್ಭಾಗದಲ್ಲಿ ತುಟಿ ಹೊರಗೆ ಚಾಚಿ ಬಾಯಿ ತೆರೆದು ಮುಚ್ಚುತ್ತಿದ್ದ.

"ಯಾರವ್ವ ಇದನ್ನ ನಿಲ್ಸಿದ್ದು?"

"ನಾನೇ ಕಣೋ" ಎಂದರು ಅವ್ವ ಸಂಭ್ರಮದಿಂದ. "ನನ್ನ ಮಗ ಲಾರಿಗೆ ಮಾಡ್ದ, ಸೊಸೆ ಹೊಲಿಗಿ ಮಿಷಿನ್ನಿಗೆ ಮಾಡಿದ್ಲು. ವೇಷಗಾರನ ಮಿಷಿನ್ನಿಗೆ ಯಾರದಾರೆ? ಬೆಳಿಗ್ಗೇನೇ ನಾನೇ ನಿಲ್ಸಿ, ಒರೆಸಿ ಪೂಜಿ ಮಾಡ್ದೆ. ಪಾಪ, ಹಗಲು ರಾತ್ರಿ ದುಡಿತೈತೆ."

"ಈಗ ಹಾಕ್ತೀನವ್ವ."

"ಏ, ಮುಟ್ಟಬ್ಯಾಡ! ಪೂಜಿ ಆದ ಆಯುಧ ನಾಳೆ ಬನ್ನಿ ಮುಡಿಯೋ ತನಕ ಮುಟ್ಟಂಗಿಲ್ಲ. ನಿಮ್ಮ ಅಂಗಡ್ಯಾಗೆ ಇವತ್ತು ಗಾಜು ಕೊಯ್ದೀರೇನು?"

ಕೊಯ್ದಿರಲಿಲ್ಲ. ಮಾಲೀಕರು ನನ್ನ ಕಿವಿಯಲ್ಲಿ, "ಸತ್ರೆ ಹಿಟ್ಟಿನ ಗಿರಣಿ ಕಣಪ್ಪ" ಎಂದರು. ಸಾಹುಕಾರರು ತಾಯಿಯ ಮುಖ ನೋಡಿದರು, ನಮ್ಮ ಮುಖ ನೋಡಿದರು, ಆಮೇಲೆ ಮಾಡಿನ ಕಡೆ ನೋಡಿದರು. ಆ ಮನೆಯಲ್ಲಿ ಅಡಿಕೆಯ ಧಾರಣೆ ಅವರದು, ಉಳಿದದ್ದೆಲ್ಲ ಅವ್ವನದು.

ಗಾಳಿ ಕಡಿಮೆಯಾದರೆ ಏನಾಗುತ್ತದೆಂದು ವಿವರಿಸುವ ಭಾಷೆ ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ. ಅವ್ವನ ಮುಂದೆ ಮಂಡಿಯೂರಿ, ಕೈಗಳನ್ನು ಮೈಗೆ ಅಂಟಿಸಿ, ಕುತ್ತಿಗೆ ಮೇಲೆತ್ತಿ, ತುಟಿ ಚಾಚಿ, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ವೇಷಗಾರನೇ ಆದೆ. ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಇವನ ಬಾಯಿ ನೋಡ್ರೇ!" ನಾನು ನಿಲ್ಲಿಸಲಿಲ್ಲ. ಉಸಿರು ಬಿಗಿಹಿಡಿದೇ ಮಾಡುತ್ತಿದ್ದೆ, ಕಣ್ಣಲ್ಲಿ ನೀರು ಬರತೊಡಗಿತು. ಅವ್ವನ ನಗು ತಡವರಿಸಿತು. ನನ್ನನ್ನು ನೋಡಿದರು, ತೊಟ್ಟಿಯ ಬಾಯಿಗೆ ಬಗ್ಗಿ ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಇವನೂ ಹಂಗೇ ಮಾಡ್ತಾನಲ್ಲೋ" ಎಂದರು ಮೆಲ್ಲಗೆ. "ಉಸಿರು ಕಟ್ಟೈತೇನೋ?"

"ಹೂಂ ಅವ್ವ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಕೈಗೆ ನಾವು ಪೂಜಿ ಮಾಡಿಲ್ಲಲ್ಲ? ಚೆಂಬು ಕೊಡ್ರೇ." ಕೈಯ ವಿಭೂತಿ ತೊಳೆಸಿಕೊಂಡು, ನಾನು ತೋರಿಸಿದ ಹಾಗೆ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದರು. ಬಿದ್ದ ನೀರು ಗುಳ್ಳೆಯೆಬ್ಬಿಸಿ ಗಾಳಿಯನ್ನು ಒಳಗೆ ಒಯ್ಯುತ್ತಿತ್ತು. ಅವ್ವನ ಕೈ ಸೋತಾಗ ಸೊಸೆ, ಆಮೇಲೆ ಸಾಹುಕಾರರು. ಮಾಲೀಕರು ಒಂದು ಕೈಯಲ್ಲಿ ಬಿಳಿ ಪಂಚೆ ಎತ್ತಿಹಿಡಿದು ಇನ್ನೊಂದು ಕೈಯಲ್ಲಿ ಸುರಿಯುತ್ತ, "ಬಾಳಪ್ಪ, ಬಾಳೋ ತಂದೆ" ಎನ್ನುತ್ತಿದ್ದರು. ನಾನು ಅಭ್ಯಾಸಬಲದಿಂದ ಅವರ ಹಿಂದೆ ನಿಂತು ಅದೇ ದನಿಯಲ್ಲಿ "ಬಾಳಪ್ಪ" ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಹೋಳಿಗೆ ಒಳಗೆ ಆರುತ್ತಿತ್ತು. ವೇಷಗಾರ ಕೆಳಗೆ ಇಳಿಯುತ್ತಿರಲಿಲ್ಲ, ಸಾಯುತ್ತಲೂ ಇರಲಿಲ್ಲ. ಕೊನೆಗೆ ಸಾಹುಕಾರರು ತೋಳು ಒತ್ತಿಕೊಳ್ಳುತ್ತ, "ಅವ್ವಾ, ನಾಳೆ ಬನ್ನಿ ಮುಡಿಯೋ ತನಕ ಹಿಂಗೇ ಸುರೀತಾ ಇರಾಕೆ ಆಗ್ತೈತಾ?" ಎಂದರು.

ಅವ್ವ ಚೆಂಬು ಕೆಳಗಿಟ್ಟು ಪಂಪಿನ ಮುಂದೆ ಕುಳಿತರು. ಹೂವು ಸರಿಮಾಡಿದರು. ತಾವು ಎಳೆದ ವಿಭೂತಿಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಲಾರಿ ನಿಂತ್ರೆ ಅಡಿಕಿ ನಿಲ್ತೈತೆ, ನಿಲ್ಲಲಿ" ಎಂದರು. "ಇದು ಲಾರಿ ಅಲ್ಲ. ಇದು ಅವನ ಮೂಗು. ಪೂಜಿ ಮಾಡ್ತೀನಿ ಅಂತ ಯಾರಾದ್ರೂ ಮೂಗು ಮುಚ್ಕಂತಾರೇನು? ನಾನೇ ಪೂಜಿ ಮಾಡಿದ್ದು, ನಾನೇ ಹೇಳ್ತೀನಿ. ಏ ನಕಲಿ, ಹಾಕೋ ಸ್ವಿಚ್ಚು. ಹೂವು ಮಾತ್ರ ತೆಗಿಬ್ಯಾಡ."

ಅಷ್ಟು ಬೇಗ ನಾನು ಜೀವಮಾನದಲ್ಲಿ ಯಾವ ವೈರನ್ನೂ ಸಿಕ್ಕಿಸಿಲ್ಲ. ಚೆಂಡುಹೂವು ಮುಡಿದುಕೊಂಡೇ ಪಂಪು ಗುರ್ರ್ ಎಂದಿತು. ಮರಳಿನಿಂದ ಗುಳ್ಳೆಗಳು ಎದ್ದವು. ಐದು ಜನ ತೊಟ್ಟಿಗೆ ಬಗ್ಗಿ ಬಾಯಿ ಬಿಟ್ಟುಕೊಂಡು ನಿಂತಿದ್ದೆವು; ಒಳಗಿನಿಂದ ನೋಡಿದ್ದರೆ ವೇಷಗಾರನಿಗೆ ನಾವೇ ಉಸಿರು ಕಟ್ಟಿದ ಮೀನುಗಳಂತೆ ಕಂಡಿರಬೇಕು. ಬಹಳ ಹೊತ್ತಿನ ಮೇಲೆ ಅವನ ತುಟಿ ಒಳಗೆ ಹೋಯಿತು. ಕಣ್ಣಿನ ಮೇಲಿನ ನೀಲಿ ಪಟ್ಟೆ ಮರಳಿತು. ಮೆಲ್ಲಗೆ ಕೆಳಗಿಳಿದು ತನ್ನ ಕಲ್ಲಿನ ಸುತ್ತ ಒಂದು ಸುತ್ತು ಹಾಕಿದ.

ಅವ್ವ ಇನ್ನೂ ಬಗ್ಗಿ, "ವೇಷಗಾರಾ, ಹೆಂಗಿದೀಯೋ?" ಎಂದರು. ಅವನು ನೇರ ಮೇಲೆ ಬಂದು, ಗುರಿಯಿಟ್ಟು, ಅವ್ವನ ಮುಖಕ್ಕೆ ಪಿಚಕ್ಕನೆ ನೀರು ಉಗುಳಿದ.

ಹಣೆಯ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯಿತು. ಆಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಬದುಕ್ದ ಕಣ್ರೋ! ಉಗುಳ್ದ! ಬದುಕ್ದ!" ಎಂದು ಚಪ್ಪಾಳೆ ತಟ್ಟಿದರು. ಮಾಲೀಕರು ಪಂಚೆಯ ತುದಿಯಿಂದ ಕಣ್ಣು ಒತ್ತಿಕೊಂಡು, ಯಾರೂ ನೋಡಲಿಲ್ಲವೆಂದುಕೊಂಡರು. ಅವರು ತೀರಿಕೊಳ್ಳುವ ತನಕವೂ ಅದನ್ನು ನಾನು ಅನುಕರಿಸಿ ತೋರಿಸುತ್ತಿದ್ದೆ, ಅವರು ಬೈಯುತ್ತಿದ್ದರು.

ಹೋಳಿಗೆಯ ಎಲೆಯ ಮುಂದೆ ಕುಳಿತಾಗ ಮಾಲೀಕರು ನನ್ನ ಕಡೆ ನೋಡದೆಯೇ, "ನಾಳೆ ಹೊಳಿ ಕಡೆ ಹೋಗಿ ಆ ಇದು... ತರೋದು ಮರೀಬ್ಯಾಡ" ಎಂದರು. ಹಿಟ್ಟಿನ ಗಿರಣಿ ನನ್ನ ತಲೆಯ ಮೇಲಿಂದ ಇಳಿದುಹೋಯಿತು. 'ಆ ಇದು' ಏನೆಂದು ಅವ್ವನಿಗೆ ಗೊತ್ತಾಗದಿರಲೆಂದು ನಾನು ತಲೆ ತಗ್ಗಿಸಿ ಹೋಳಿಗೆ ಮುರಿದೆ.

ಅವ್ವ ನನ್ನ ಎಲೆಗೆ ತುಪ್ಪ ಬಡಿಸುತ್ತ, "ಬಸವನಹುಳ ಸ್ವಲ್ಪ ಜಾಸ್ತಿನೇ ತಾರೋ, ಇವತ್ತು ಸೋತಾನೆ" ಎಂದರು. "ಯಾವತ್ತಿನಂಗೆ ಹಿತ್ತಲ ಬಾಗ್ಲಾಗೇ ಬಾ. ನಾನು ನೋಡಲ್ಲ."